ದೀಪ ಹಚ್ಚಿದ ಮೇಲೆ

ಸಂಜೆ ದೀಪ ಹಚ್ಚಿದ ಮೇಲೆ ನಮ್ಮಜ್ಜಿ ಮನೆಯಿಂದ ಒಂದು ಸೂಜಿಯನ್ನೂ ಆಚೆ ಬಿಡುತ್ತಿರಲಿಲ್ಲ. ಹೆಪ್ಪಿಗೆ ಒಂದು ಚಮಚ ಮೊಸರು, ಒಂದು ಹಿಡಿ ಉಪ್ಪು, ಹತ್ತು ರೂಪಾಯಿ ಕೈಗಡ, ಏನೇ ಕೇಳಿ, ಬಾಗಿಲಲ್ಲೇ ಒಂದು ಮಾತು: “ದೀಪ ಹಚ್ಚಿಯಾಯ್ತಮ್ಮ, ಬೆಳಗ್ಗೆ ಬಾ.” ಬೆಳಗ್ಗೆ ಹೋದರೆ ಅದೇ ಅಜ್ಜಿ ಪಾವು ಕೇಳಿದವರಿಗೆ ಸೇರು ಅಳೆದು ಕೊಡುತ್ತಿದ್ದಳು. ಅಜ್ಜಿ ಹೋಗಿ ಮೂವತ್ತು ವರ್ಷವಾಯಿತು. ಆಕೆ ಎಲ್ಲೂ ಹೋಗಿಲ್ಲ, ನನ್ನ ಜಠರದ ಹಿಂದೆ ಮೇದೋಜೀರಕ ಗ್ರಂಥಿಯಾಗಿ ಕೂತಿದ್ದಾಳೆ ಅಂತ ಗೊತ್ತಾದದ್ದು ನನಗೆ ಶುಗರ್ ಬಂದ ಮೇಲೆ.

ಬೆಳಗ್ಗೆ ಎಂಟಕ್ಕೆ ಎರಡು ಇಡ್ಲಿ ತಿಂದು, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದೆ. ಅದೇ ಹಿಟ್ಟು, ಅದೇ ತಟ್ಟೆ, ಅದೇ ಎರಡು ಇಡ್ಲಿ. ರಾತ್ರಿ ಒಂಬತ್ತಕ್ಕೆ ತಿಂದು ಮತ್ತೆ ಚುಚ್ಚಿದೆ. ರಾತ್ರಿಯ ಅಂಕಿ ನಲವತ್ತು ಜಾಸ್ತಿ! ಡಾಕ್ಟರಿಗೆ ಹೇಳಿದರೆ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಮೈಯೊಳಗೊಂದು ಗಡಿಯಾರ ಇದೆಯಂತೆ. ಮಲಗುವ ಹೊತ್ತು ಹತ್ತಿರವಾದಂತೆ ಮೆಲಟೋನಿನ್ ಅನ್ನೋ ಹಾರ್ಮೋನು ಏರುತ್ತೆ, ಅದು ಇನ್ಸುಲಿನ್ ಕೊಡುವ ಜೀವಕೋಶಗಳ ಕೈ ಹಿಡಿಯುತ್ತೆ. ಕೊಟ್ಟಷ್ಟು ಇನ್ಸುಲಿನ್ನಿಗೂ ಮೈ ಬೆಳಗಿನಷ್ಟು ಬಗ್ಗುವುದಿಲ್ಲ. ಶುಗರ್ ಇಲ್ಲದವರಲ್ಲೂ ಇದೇ ಕಥೆ, ಅವರಿಗೆ ಮಾತ್ರ ಖಜಾನೆ ತುಂಬಿರುವುದರಿಂದ ಗೊತ್ತಾಗಲ್ಲ. ಹಾಗಂತ ಎಲ್ಲರಿಗೂ ಒಂದೇ ಲೆಕ್ಕವೂ ಅಲ್ಲ. ನಮ್ಮಕ್ಕನ ಮೀಟರು ಬೆಳಗಿನ ತಿಂಡಿಗೇ ಹೆಚ್ಚು ಹಾರುತ್ತೆ. ಅವಳು ಬಾಲ್ಯದಿಂದಲೂ ನಾನು ಹೇಳಿದ್ದಕ್ಕೆ ಉಲ್ಟಾ.

ಆದರೆ ಈ ಹರಟೆಯ ನಾಯಕ ಅಕ್ಕನಲ್ಲ, ಭಾವ. ದೇಶದಲ್ಲಿ ಶುಗರಿನವರು ಹತ್ತು ಕೋಟಿ ದಾಟಿದ್ದಾರೆ ಅಂತ 2023ರಲ್ಲಿ ಐಸಿಎಂಆರ್ ಅಧ್ಯಯನದ ಸುದ್ದಿ ಬಂದಾಗ, “ನಮ್ಮದೇ ಒಂದು ಪಕ್ಷ ಕಟ್ಟಬಹುದು ಕಣಯ್ಯಾ” ಅಂದವರು. ಆ ಪಕ್ಷದ ಘೋಷಣೆಯೂ ಅವರ ಬಾಯಲ್ಲಿ ತಯಾರಿದೆ: “ರಾತ್ರಿ ನಾನು ಏನೂ ತಿನ್ನಲ್ಲಪ್ಪ, ಎರಡೇ ಚಪಾತಿ.”

ಎರಡೇ ಚಪಾತಿ ನಿಜ. ಅದರ ಹಿಂದುಮುಂದು ಕೇಳಬೇಕು. ಐದಕ್ಕೆ ಕಾಫಿಯ ಜೊತೆ ಎರಡು ಕೋಡುಬಳೆ. ತಿಂದದ್ದಲ್ಲ, ಬಾಯಾಡಿಸಿದ್ದು. ಆರಕ್ಕೆ ಕೃಷ್ಣರಾವ್ ಪಾರ್ಕಿನಲ್ಲಿ ವಾಕಿಂಗು. ನಡೆದ ಪುಣ್ಯ ಖರ್ಚಾಗದೆ ಉಳಿಯಬಾರದಲ್ಲ, ಬರುವಾಗ ಗಾಂಧಿಬಜಾರಿನಲ್ಲಿ ಒಂದು ಪೊಟ್ಟಣ ಚುರುಮುರಿ. “ಕಡಲೆಪುರಿ ಅಂದ್ರೆ ಬರೀ ಗಾಳಿ ಕಣಯ್ಯಾ!” ಗಾಳಿಯೇ ಸರಿ, ಆದರೆ ಅಕ್ಕಿ ತುಂಬಿಸಿಕೊಂಡ ಗಾಳಿ, ಅನ್ನಕ್ಕಿಂತ ಬೇಗ ಕರಗಿ ರಕ್ತಕ್ಕೆ ನುಗ್ಗುವಂಥದ್ದು. ಏಳೂವರೆಗೆ ಅಕ್ಕ ಸೀರಿಯಲ್ ನೋಡುತ್ತಾ ಕೂತರೆ ಭಾವ ನಾಳಿನ ಸಾರಿಗೆ ಬೆಲ್ಲ ಸರಿಯಾಗಿದೆಯಾ ಅಂತ ರುಚಿ ನೋಡುತ್ತಾರೆ. ನಾಳಿನ ಸಾರಿನ್ನೂ ಮಾಡಿರುವುದಿಲ್ಲ, ಬೆಲ್ಲದ್ದೇ ರುಚಿ. ಹತ್ತಕ್ಕೆ ಚಪಾತಿ. ಅದಾದ ಮೇಲೆ ಒಂದು ತುತ್ತು ಮೊಸರನ್ನ, ಅದಿಲ್ಲದೆ ಊಟ ಮುಗಿಯಿತು ಅಂತ ಹೊಟ್ಟೆಗೆ ಹೇಳೋದು ಹೇಗೆ? ಭಾವನ ವ್ಯಾಕರಣದಲ್ಲಿ ತಿನ್ನು, ಉಣ್ಣು, ಬಾಯಾಡಿಸು, ರುಚಿನೋಡು ಎಲ್ಲಾ ಬೇರೆ ಬೇರೆ ಧಾತುಗಳು. ರಕ್ತಕ್ಕೆ ಅಷ್ಟು ವ್ಯಾಕರಣ ಬರುವುದಿಲ್ಲ.

ಶನಿವಾರದ ಕಥೆ ಇನ್ನೂ ಸೊಗಸು. ಶನಿವಾರ ಭಾವನಿಗೆ ಒಪ್ಪೊತ್ತು, ಅಂದರೆ ರಾತ್ರಿ ಊಟ ಇಲ್ಲ. ಊಟ ಅಂದರೆ ಅನ್ನ. ಅನ್ನವೊಂದನ್ನು ಬಿಟ್ಟು ಒಗ್ಗರಣೆ ಅವಲಕ್ಕಿ, ಉಪ್ಪಿಟ್ಟು, ಅದರ ಪಕ್ಕಕ್ಕೆ ಒಂಟಿ ಅನಿಸಬಾರದು ಅಂತ ಸಜ್ಜಿಗೆ, ಇದೆಲ್ಲ ಫಲಾಹಾರ. ಕೊನೆಯಲ್ಲಿ ಒಂದು ಬಾಳೆಹಣ್ಣು ಬರುವುದರಿಂದ ‘ಫಲ’ ಅನ್ನೋದೂ ಸುಳ್ಳಾಗುವುದಿಲ್ಲ. ಹನುಮಂತ ಕ್ಷಮಿಸಿಯಾನು. ಭಾನುವಾರ ಬೆಳಗಿನ ಮೀಟರು ಕ್ಷಮಿಸುವುದಿಲ್ಲ.

ಅವಲಕ್ಕಿ ಬೇಡ ಅಂದರೆ ಮುದ್ದೆ ಹಿಡಿದರು. ರಾಗಿಗೆ ಶುಗರ್ ಹೆದರುತ್ತೆ ಅನ್ನೋ ಧೈರ್ಯದಲ್ಲಿ ರಾತ್ರಿ ಎರಡೆರಡು! ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟು ಸುಮಾರು 78 ಗ್ರಾಂ, ರಾಗಿಯಲ್ಲಿ 67, ಗೋಧಿಹಿಟ್ಟಿನಲ್ಲಿ 64. ನಾರು ಮಾತ್ರ ರಾಗಿ, ಗೋಧಿಯಲ್ಲಿ ಅಕ್ಕಿಯ ನಾಲ್ಕರಷ್ಟು. ಒಳ್ಳೆಯದೇ. ಆದರೆ ಮುದ್ದೆ ಎರಡಾದರೆ ನಾರು ಏನು ಮಾಡೀತು, ಪಾಪ. ಅದರ ಬದಲು ನಮ್ಮ ಬಾಳೆಎಲೆಯ ಕ್ರಮವನ್ನೇ ನಂಬಬಹುದು: ಕೋಸಂಬರಿ, ಪಲ್ಯ ಮೊದಲು, ಅನ್ನ ಆಮೇಲೆ. ತರಕಾರಿ, ಬೇಳೆ ಮುಂದೆ ಹೋದರೆ ಹಿಂದೆ ಬರುವ ಅನ್ನದ ಸಕ್ಕರೆ ನಿಧಾನವಾಗಿ ಏರುತ್ತೆ. ಎಲೆಯ ತುದಿಯ ಪಾಯಸವನ್ನು ಮೊದಲು ನೆಕ್ಕುವ ಸಂಪ್ರದಾಯವನ್ನು ಯಾರು ಸೇರಿಸಿದರೋ.

ಇನ್ನು ಆರತಕ್ಷತೆ. ಕಾರ್ಡಿನಲ್ಲಿ ಸಂಜೆ ಏಳು. ಮದುಮಗಳ ಮೇಕಪ್ ಮುಗಿಯುವುದು ಎಂಟು. ಕೈಯಲ್ಲಿ ಕವರು ಹಿಡಿದು ಕ್ಯೂನಲ್ಲಿ ಒಂದು ಗಂಟೆ. ಪಂಕ್ತಿ ಸಿಗುವುದು ಹತ್ತಕ್ಕೆ. ತುಪ್ಪದ ಹೋಳಿಗೆ, ಬಿಸಿಬೇಳೆಬಾತು, ಐಸ್‌ಕ್ರೀಮು, ಗುಲ್ಕನ್ ಹಾಕಿದ ಬೀಡಾ. ಹನ್ನೊಂದೂವರೆಗೆ ಹಾಸಿಗೆ. ಅಜ್ಜಿ ದೀಪ ಹಚ್ಚಿ, ಬಾಗಿಲು ಹಾಕಿ, ನಿದ್ದೆ ಹೋದ ಮೇಲೆ ಲಾರಿಯಲ್ಲಿ ಸಾಮಾನು ತಂದು ಅಂಗಳದಲ್ಲಿ ಸುರಿದ ಹಾಗೆ.

ಮರುದಿನ ಬೆಳಗ್ಗೆ ಭಾವನ ಫೋನು: “ಖಾಲಿ ಹೊಟ್ಟೇಲಿ 168 ಕಣಯ್ಯಾ! ಕನಸಲ್ಲೇನಾದ್ರೂ ತಿಂದ್ನಾ?” ಅರ್ಧ ಹೋಳಿಗೆಯದು, ಇನ್ನರ್ಧ ಯಕೃತ್ತಿನದು. ಬ್ರಾಹ್ಮೀ ಮುಹೂರ್ತಕ್ಕೆ ಏಳುವ ಅಭ್ಯಾಸ ನಮಗೆ ತಪ್ಪಿದೆ, ಹಾರ್ಮೋನುಗಳಿಗೆ ತಪ್ಪಿಲ್ಲ. ಬೆಳಗಿನ ಜಾವ ಕಾರ್ಟಿಸಾಲ್ ಮುಂತಾದವು ಎದ್ದು, ಯಜಮಾನ ಏಳುವ ಹೊತ್ತಾಯಿತು, ಏನಾದರೂ ಕೊಡು ಅನ್ನುತ್ತವೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತೆ.

ನಾನು ಭಾವನಿಗೆ 2015ರ ಒಂದು ಇಸ್ರೇಲಿ ಅಧ್ಯಯನ ಹೇಳಿದೆ. ಟೈಪ್ 2 ಶುಗರಿನ 18 ಜನ. ಒಂದು ವಾರ ಬೆಳಗ್ಗೆ ಸುಮಾರು 700 ಕ್ಯಾಲೊರಿ, ರಾತ್ರಿ 200; ಇನ್ನೊಂದು ವಾರ ತಿರುವುಮುರುವು. ದಿನದ ಒಟ್ಟು ಅಷ್ಟೇ. ಬೆಳಗ್ಗೆ ಹೆಚ್ಚು ತಿಂದ ವಾರ ಊಟದ ನಂತರದ ಸಕ್ಕರೆ ಶೇಕಡಾ 20ರಷ್ಟು ಕಡಿಮೆ. ನಾನು ಹೇಳಿದ್ದು ರಾತ್ರಿ ಕಡಿಮೆ ಮಾಡಿ ಅಂತ. ಭಾವ ಕೇಳಿಸಿಕೊಂಡದ್ದು ಬಿಡಿ ಅಂತ. ಸನ್ಯಾಸ ತಗೊಂಡವರ ಹಾಗೆ ಅವತ್ತೇ ರಾತ್ರಿ ಚಪಾತಿ ಬಿಟ್ಟರು. ಮಾತ್ರೆ ಬಿಡಲಿಲ್ಲ, “ಅದು ಊಟ ಅಲ್ಲವಲ್ಲ!”

ರಾತ್ರಿ ಒಂದೂವರೆಗೆ ಅಕ್ಕನ ಫೋನು. ಭಾವ ಬೆವತು ತೊಪ್ಪೆ, ಕೈ ನಡುಕ, ಮಾತು ಎಲ್ಲೆಲ್ಲೋ. ಮೀಟರಿನಲ್ಲಿ 58. ಎಪ್ಪತ್ತರ ಕೆಳಗೆ ಇಳಿದರೇ ಅಪಾಯ. ಅಕ್ಕ ಆಗಲೇ ಮೂರು ಟೀ ಚಮಚ ಸಕ್ಕರೆ ಕದಡಿ ಕುಡಿಸಿದ್ದಳು. ಹದಿನೈದು ನಿಮಿಷಕ್ಕೆ ಮತ್ತೆ ನೋಡಿದಾಗ 84. ಡಾಕ್ಟರು ಮರುದಿನ ಭಾವನನ್ನು ಬಿಟ್ಟು ನನ್ನನ್ನು ಬೈದರು. ಇವರು ನುಂಗುವ ಗ್ಲಿಮೆಪಿರೈಡ್ ಅಜ್ಜಿಯ ಕೈತಿರುಚಿ ಇನ್ಸುಲಿನ್ ಕಸಿಯುವ ಮಾತ್ರೆ. ಊಟ ಬಂದರೂ ಸರಿ, ಬರದಿದ್ದರೂ ಸರಿ, ಕಸಿಯುತ್ತೆ. ಇನ್ಸುಲಿನ್ ಚುಚ್ಚಿಕೊಳ್ಳುವವರದ್ದೂ ಇದೇ ಪಾಡು. “ರಾತ್ರಿ ಊಟ ಕಡಿಮೆ ಮಾಡೋ ಮೊದಲು ನನ್ನ ಹತ್ರ ಬನ್ನಿ, ಮಾತ್ರೆ ಕಡಿಮೆ ಮಾಡಿ ಕಳಿಸ್ತೀನಿ. ನಿಮ್ಮ ಭಾವಮೈದುನನ ಹತ್ರ ಹೋಗಬೇಡಿ.”

ಮಾತ್ರೆಯ ಲೆಕ್ಕ ಡಾಕ್ಟರು ಸರಿಮಾಡಿದ ಮೇಲೆ ಆ ಮನೆಯಲ್ಲೀಗ ಏಳಕ್ಕೇ ಊಟ. ವಾಕಿಂಗನ್ನೂ ಅಕ್ಕ ಊಟದ ಹಿಂದಕ್ಕೆ ತಳ್ಳಿದ್ದಾಳೆ. ನ್ಯೂಜಿಲೆಂಡಿನಲ್ಲಿ 41 ಶುಗರಿನವರನ್ನು ಪ್ರತಿ ಊಟದ ನಂತರ ಹತ್ತು ನಿಮಿಷ ನಡೆಸಿದಾಗ, ದಿನಕ್ಕೊಮ್ಮೆ ಅರ್ಧ ಗಂಟೆ ನಡೆದುದಕ್ಕಿಂತ ರಾತ್ರಿ ಊಟದ ನಂತರದ ಸಕ್ಕರೆ ಶೇಕಡಾ 22ರಷ್ಟು ಕಡಿಮೆಯಿತ್ತಂತೆ. ಅಕ್ಕನಿಗೆ ಈ ನಿಯಮ ಇಷ್ಟವಾಗಲು ಕಾರಣ ಬೇರೆ: ಊಟವಾಗಿ ಭಾವ ಗಾಂಧಿಬಜಾರು ಮುಟ್ಟುವಷ್ಟರಲ್ಲಿ ಅವರ ಚುರುಮುರಿಯವನು ಗಾಡಿ ಕಟ್ಟಿರುತ್ತಾನೆ.

ಕೋಡುಬಳೆ ಡಬ್ಬಕ್ಕೆ ಅಕ್ಕ ಬೀಗ ಹಾಕಿಲ್ಲ. ಅಜ್ಜಿಯ ಕಾನೂನು ಹಾಕಿದ್ದಾಳೆ. “ದೀಪ ಹಚ್ಚಿಯಾಯ್ತು, ಬೆಳಗ್ಗೆ ತಗೊಳ್ಳಿ.” ಹೀಗಾಗಿ ಭಾವನಿಗೆ ಈಚೆಗೆ ಪಂಚಾಂಗದ ಮೇಲೆ ಎಲ್ಲಿಲ್ಲದ ಭಕ್ತಿ. ಜುಲೈ ತಿಂಗಳು ಅಂದರೆ ಪ್ರಾಣ, ಬೆಂಗಳೂರಲ್ಲಿ ಸೂರ್ಯ ಮುಳುಗೋದು ಆರೂ ಮುಕ್ಕಾಲು ದಾಟಿ. ಮೊನ್ನೆ ಕಾರ್ತಿಕದಲ್ಲಿ ಹೋದಾಗ ಐದೂವರೆಗೇ ಡಬ್ಬದ ಮುಂದೆ ಕೂತು ಕಿಟಕಿಯಿಂದ ಪಡುವಣ ನೋಡುತ್ತಿದ್ದರು.

“ಐದೂ ಐವತ್ತಕ್ಕೇ ಮುಳುಗ್ತಾನಂತೆ ಕಣಯ್ಯಾ,” ಅಂದರು, “ಇವನಿಗೇನು ಅಷ್ಟು ಅವಸರ?”