ಸುಣ್ಣ ಸಾಲದ ವಾರ

ಬೆಂಗಳೂರಿನ ನೆಂಟರ ಲೆಕ್ಕದಲ್ಲಿ ವಾಮದಪದವಿನವರಿಗೆ ಟೆನ್ಶನ್ ಇಲ್ಲ. ಟ್ರಾಫಿಕ್ ಇಲ್ಲ, ಬಾಸ್ ಇಲ್ಲ, ಸುತ್ತ ಅಡಿಕೆ ತೋಟ, ಕುಡಿಯಲಿಕ್ಕೆ ಬಾವಿಯ ನೀರು. ಮತ್ತೆ ಎಂತದ್ದು ಟೆನ್ಶನ್? ನಮ್ಮ ಬಾಸ್ ಮರದ ತುದಿಯಲ್ಲಿದ್ದಾನೆಂದು ಅವರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಮಳೆ ಬಿಡದಿದ್ದರೆ ಅಡಿಕೆಗೆ ಕೊಳೆರೋಗ. ಬಿಟ್ಟರೆ ಮದ್ದು ಬಿಡುವವರು ಸಿಗುವುದಿಲ್ಲ. ಅವರು ಸಿಕ್ಕಿದ ದಿನ ಮತ್ತೆ ಮಳೆ. ಎಲ್ಲ ದಾಟಿ, ಒಣಗಿಸಿ, ಸುಲಿದು, ಗೋಣಿ ತುಂಬಿಸಿಟ್ಟರೆ ಧಾರಣೆಯ ಚಿಂತೆ. ಕೊಟ್ಟ ಮರುದಿನ ಏರುತ್ತದೆ, ಇಟ್ಟುಕೊಂಡರೆ ಇಳಿಯುತ್ತದೆ. ಇದಕ್ಕೆ ಪೇಟೆಯವರು ಮಾರುಕಟ್ಟೆ ಅನ್ನುತ್ತಾರೆ, ನಾನು ಜಾತಕ ಅನ್ನುತ್ತೇನೆ.

ಇದರ ಮೇಲೆ ಊರು ಇರುವ ಜಾಗವೂ ಹಾಗೆಯೇ. ತಾಲೂಕು ಕಚೇರಿಯ ಕಾಗದಕ್ಕೆ ಬಿ.ಸಿ.ರೋಡ್, ಮಗಳ ಕಾಲೇಜಿಗೆ ಮೂಡುಬಿದಿರೆ, ಮದುವೆ-ಬೊಜ್ಜಕ್ಕೆ ಬೆಳ್ತಂಗಡಿ ಕಡೆಯ ನೆಂಟರು. ಮೂರೂ ದಿಕ್ಕಿಗೆ ಬಸ್ಸು ಉಂಟು. ನನಗೆ ಬೇಕಾದದ್ದು ಮಾತ್ರ ಆಗಷ್ಟೇ ಹೋಗಿರುತ್ತದೆ.

ಬಿಪಿ ನೋಡಿದ ಡಾಕ್ಟರು ಕೇಳಿದರು, “ನಿದ್ರೆ ಬರ್ತದಾ?”

“ಬರ್ತದೆ ಡಾಕ್ಟ್ರೇ, ನಿಲ್ಲುವುದಿಲ್ಲ.”

“ಮದ್ದು ಆಮೇಲೆ ನೋಡುವ. ಮೊದಲು ವಾರಕ್ಕೊಂದು ಕ್ರಮ ಮಾಡಿಕೊಳ್ಳಿ.”

ಮಗಳಿಗೆ ಅಷ್ಟೇ ಸಾಕಾಯಿತು. ರಾತ್ರಿ ಕೂತು ಮೊಬೈಲಿನಲ್ಲೇ ಬಣ್ಣಬಣ್ಣದ ಟೈಮ್‌ಟೇಬಲ್ ಮಾಡಿ, ಪೇಟೆಯಲ್ಲಿ ಪ್ರಿಂಟ್ ತೆಗೆಸಿ, ಫ್ರಿಜ್ಜಿಗೆ ಅಂಟಿಸಿದಳು. ಹಸಿರಿನಲ್ಲಿ ವ್ಯಾಯಾಮ: ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ. ನೀಲಿಯಲ್ಲಿ ನಿದ್ರೆ, ರಾತ್ರಿ ಹತ್ತರಿಂದ. ಕಿತ್ತಳೆಯಲ್ಲಿ ‘ಸಾಮಾಜಿಕ ಸಂಪರ್ಕ’. ಬೂದು ಬಣ್ಣದಲ್ಲಿ, ಸಂಜೆ ಐದೂವರೆಯಿಂದ ಆರರವರೆಗೆ, ‘ಚಿಂತೆ’.

“ಇದೆಂತದ್ದು?”

“ಚಿಂತೆಯನ್ನೆಲ್ಲ ಆ ಅರ್ಧ ಗಂಟೆಗೆ ಮುಂದೂಡಬೇಕಪ್ಪ. ಮನಃಶಾಸ್ತ್ರದವರು ಹೇಳುವ ಕ್ರಮ ಇದು. ಬಾಕಿ ಹೊತ್ತು ಚಿಂತೆ ಬಂದರೆ, ಸಂಜೆ ಬಾ ಅಂತ ಹೇಳಿ ಕಳಿಸಿ.”

ಕ್ರಮ ಒಳ್ಳೆಯದೇ. ಆದರೆ ಐದೂವರೆಗೆ ಸರಿಯಾಗಿ ಯಾರಾದರೊಬ್ಬರು ಅಂಗಳ ಹತ್ತುತ್ತಾರೆ. ಚಾ ಆಗುತ್ತದೆ, ಮಾತಾಗುತ್ತದೆ, ಬಂದವರು ತಮ್ಮ ಚಿಂತೆಯನ್ನು ಇಲ್ಲಿ ಮಾಡಿ ಮುಗಿಸುತ್ತಾರೆ, ನನ್ನದು ಪೆಂಡಿಂಗ್. ವಾರದ ಕೊನೆಗೆ ನನ್ನ ಚಿಂತೆಗಳಿಗೆ ತಾಲೂಕು ಕಚೇರಿಯ ಫೈಲಿಗಿಂತ ದೊಡ್ಡ ಕ್ಯೂ.

ನಿದ್ರೆಯ ನೀಲಿಗೂ ಊರು ಬಿಡಲಿಲ್ಲ. ಮಳೆ ನಿಂತ ಮೇಲೆ ಇಲ್ಲಿ ವಾರಾಂತ್ಯ ಕಂಬಳದ್ದು. ಹತ್ತಿರದಲ್ಲೇ ಹೊಕ್ಕಾಡಿಗೋಳಿ, ಆಚೆ ಮೂಡುಬಿದಿರೆಯ ಕೋಟಿ-ಚೆನ್ನಯ, ಈಚೆ ವೇಣೂರಿನ ಸೂರ್ಯ-ಚಂದ್ರ. ಶನಿವಾರ ಇಳಿದ ಕೋಣಗಳು ಆದಿತ್ಯವಾರ ಕರೆಯಿಂದ ಏಳುವಾಗ ನಾನೊಬ್ಬ ನೀಲಿ ಬಣ್ಣ ನೋಡುತ್ತಾ ಮಲಗುವುದೆಂದರೆ ಅದೇ ಒಂದು ಟೆನ್ಶನ್. ಉಳಿದ ರಾತ್ರಿಗಳಿಗೆ ಕೋಲ, ನೇಮ, ಯಕ್ಷಗಾನದ ಆಟ. ಈಚೆಗೆ ದೊಡ್ಡ ದೊಡ್ಡ ಮೇಳಗಳೇ ಕಾಲಮಿತಿಗೆ ಬಂದು ಮಧ್ಯರಾತ್ರಿಯ ಹೊತ್ತಿಗೆ ಮಂಗಳ ಹಾಡುತ್ತವೆ. ನನ್ನ ಚಿಂತೆ ಮಾತ್ರ ಇನ್ನೂ ಹಳೇ ಸಂಪ್ರದಾಯದ್ದು, ಬೆಳಗಿನವರೆಗೆ.

ಮೇ 24ರ ಹೊತ್ತಿಗೆ ಪತ್ತನಾಜೆ ಬಂದು ಆಟ, ಕೋಲ ಎಲ್ಲ ನಿಲ್ಲುತ್ತದೆ. ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಟೈಮ್‌ಟೇಬಲ್ ನಡೆಸಲಿಕ್ಕೆ ಇದಕ್ಕಿಂತ ಒಳ್ಳೆಯ ತಿಂಗಳು ಬೇಕಾ? ಆದರೆ ಜಡಿಮಳೆಯಲ್ಲಿ ನಡೆಯುವುದೆಲ್ಲಿಗೆ? ಜಗಲಿಯಲ್ಲೇ ಆಚೆ ಈಚೆ ನಡೆದೆ. “ಎಂತ ಮಾರಾಯ್ರೆ, ಪೋಲೀಸ್ ಸ್ಟೇಶನ್ನಿನಲ್ಲಿ ಕಾಯುವವರ ಹಾಗೆ” ಎಂದಳು ಹೆಂಡತಿ.

ನೆರೆಮನೆಯ ಅಕ್ಕನ ವಾರಕ್ಕೆ ಬಣ್ಣವಿಲ್ಲ. ಬ್ರಾಂಚಿಗೆ ಬೀಡಿ ಕೊಡುವ ದಿನ, ಕೊಡದ ದಿನ, ಅಷ್ಟೇ. ಮಡಿಲಲ್ಲಿ ತಡ್ಪೆ, ಎಲೆಗೆ ಕತ್ತರಿ, ಹೊಗೆಸೊಪ್ಪು, ಸುರುಳಿ, ನೂಲು. ಕಣ್ಣು ಧಾರಾವಾಹಿಯ ಮೇಲೆ. “ನಿಮ್ಮ ಚಿಂತೆಗೆ ಅರ್ಧ ಗಂಟೆ ಉಂಟಂತಲ್ಲ ಅಣ್ಣ” ಎಂದು ನಕ್ಕರು. “ನನಗೆ ಬ್ರಾಂಚಿನಲ್ಲಿ ಬೀಡಿ ತೆಗೆದು ಬಿಸಾಡುವಾಗ ಎರಡು ನಿಮಿಷ ಸಿಗ್ತದೆ, ಅಷ್ಟರಲ್ಲಿ ಮುಗಿಸಬೇಕು.”

ಹೊತ್ತಿನ ಲೆಕ್ಕ ಬಂದಾಗ ಬಾಹುಬಲಿಯ ನೆನಪಾಯಿತು. ವೇಣೂರಿನಲ್ಲಿ 35 ಅಡಿ ಎತ್ತರಕ್ಕೆ 1604ರಿಂದ ನಿಂತಿದ್ದಾನೆ. ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ, ಕಳೆದದ್ದು 2024ರಲ್ಲಿ. ಟೈಮ್‌ಟೇಬಲ್ ಅಂದರೆ ಅದು. ಆದರೆ ಅವನು ಮೊದಲು ರಾಜ್ಯವನ್ನೇ ಬಿಟ್ಟಿದ್ದ. ನನಗೆ ದಿನಕ್ಕೆ ಹತ್ತು ಸಲ ಧಾರಣೆ ನೋಡುವುದನ್ನು ಬಿಡಲಿಕ್ಕೆ ಆಗುವುದಿಲ್ಲ.

ವಿಷಯ ತಿಳಿಯಾದದ್ದು ಬೋರ್ಡೋ ದ್ರಾವಣದ ಡ್ರಮ್ಮಿನ ಹತ್ತಿರ. ಮಳೆ ಎರಡು ದಿನ ಬಿಟ್ಟಿತ್ತು, ಫೈಬರ್ ದೋಟಿಯವರೂ ಸಿಕ್ಕಿದ್ದರು. 100 ಲೀಟರ್ ನೀರಿಗೆ ಮೈಲುತುತ್ತು 1 ಕೆ.ಜಿ., ಸುಣ್ಣ 1 ಕೆ.ಜಿ.; ಬೇರೆಬೇರೆ ಕರಗಿಸಿ ಕೂಡಿಸುವುದು ಕ್ರಮ. ಪುಸ್ತಕದ ಅಳತೆ ಇಲ್ಲಿಗೆ ಮುಗಿಯಿತು. ಮದ್ದು ಬಿಡುವವರು ಅಳತೆಯನ್ನು ನಂಬುವವರಲ್ಲ. ಉಜ್ಜಿದ ಪೀಶಕತ್ತಿಯನ್ನು ಆ ನೀಲಿ ನೀರಿಗೆ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿದರು. ಅಲಗಿನ ಮೇಲೆ ತಾಮ್ರದ ಕೆಂಪು. “ಸುಣ್ಣ ಸಾಲದು” ಎಂದರು. ಸುಣ್ಣ ಎಲ್ಲ ಒಂದೇ ಅಲ್ಲವಲ್ಲ. ಹಳತಾದರೆ ಸತ್ವ ಇಳಿಯುತ್ತದೆ. ತುತ್ತು ಹೆಚ್ಚಾಗಿ ಉಳಿದರೆ ಸಿಂಗಾರವೇ ಸುಟ್ಟೀತು. ಇನ್ನಷ್ಟು ಸುಣ್ಣದ ನೀರು ಸುರಿದು ಮತ್ತೆ ಅದ್ದಿದರು, ಕತ್ತಿ ಹೊಳೆಯಿತು, ಪಂಪು ಶುರುವಾಯಿತು.

ಮಗಳ ಪಟ್ಟಿಯಲ್ಲಿ ಅಳತೆ ಇತ್ತು, ಕತ್ತಿ ಇರಲಿಲ್ಲ. ಎಲ್ಲರ ವಾರಕ್ಕೂ ಒಂದೇ ತೂಕದ ಸುಣ್ಣ ಸಾಕೆಂದು ಯಾರು ಹೇಳಿದರು? ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ಫೆಬ್ರವರಿಯಲ್ಲಿ ಕೆಡ್ಡಸ ಬಂದರೆ ಮೂರು ದಿನ ಭೂಮಿಗೇ ರಜೆ. ಅಗೆಯುವ ಹಾಗಿಲ್ಲ, ಹೂಡುವ ಹಾಗಿಲ್ಲ, ಹಸಿ ಗಿಡ ಕಡಿಯುವ ಹಾಗಿಲ್ಲ. ಹುರಿದ ಅಕ್ಕಿ-ಹುರುಳಿಗೆ ಬೆಲ್ಲ ಕೂಡಿಸಿ ಮೆಲ್ಲುವುದು, ಸುಮ್ಮನಿರುವುದು. ಭೂಮಿ ರಜೆ ಅರ್ಜಿ ಕೊಡಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಊರಿಗೆ ಊರೇ ಸುಮ್ಮನಿರುವುದರಿಂದ, ತಾನೊಬ್ಬ ಸೋಮಾರಿಯಾದೆನೆಂಬ ಅಳುಕೂ ಯಾರಿಗೂ ಇಲ್ಲ. ನಮ್ಮ ಟೆನ್ಶನ್ನಿನ ಅರ್ಧ ಪಾಲು ಆ ಅಳುಕೇ.

ಫ್ರಿಜ್ಜಿನ ಮೇಲೆ ಈಗ ಬಣ್ಣ ಇಲ್ಲ. ಏಳುವ ಹೊತ್ತು ಒಂದೇ, ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ. ಮಳೆ ಬಿಟ್ಟ ದಿನ ತೋಟದಲ್ಲೇ ಒಂದು ಸುತ್ತು, ಆಗಾಗ ಕಾರಿಂಜ ಬೆಟ್ಟದ ಮೆಟ್ಟಲು. ಅಲ್ಲಿಯ ಮಂಗಗಳ ದೆಸೆಯಿಂದ ವೇಗವೂ ಬರುತ್ತದೆ. ಧಾರಣೆ ದಿನಕ್ಕೊಮ್ಮೆ. ಯಾರದಾದರೂ ನಿದ್ರೆ ವಾರಗಟ್ಟಲೆ ಕೆಟ್ಟು, ಎದೆ ಡವಗುಟ್ಟುವುದು ನಿಲ್ಲದಿದ್ದರೆ ಟೈಮ್‌ಟೇಬಲ್ ನೆಚ್ಚಿ ಕೂರಬಾರದು. ಸರಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡೂ ಇಲ್ಲ.

ಕೊನೆಯದು, ವಾರಕ್ಕೆ ಅರ್ಧ ದಿನ ಕೆಡ್ಡಸ. ಇದನ್ನು ನಾನು ಘೋಷಿಸಿದಾಗ ಹೆಂಡತಿ ತೆಂಗಿನಕಾಯಿ ತುರಿಯುತ್ತಿದ್ದಳು.

“ಒಲೆಗೂ ಕೆಡ್ಡಸ ಉಂಟಾ, ನಿಮಗೆ ಮಾತ್ರವಾ?”

ಹಾಗಾಗಿ ಆದಿತ್ಯವಾರ ಮಧ್ಯಾಹ್ನದ ಗಂಜಿ, ಚಟ್ನಿ ನನ್ನದು. ಅವಳು ಜಗಲಿಯಲ್ಲಿ ಕಾಲು ಚಾಚಿ ಕೂತಿರುತ್ತಾಳೆ. ಉಪ್ಪಿನ ಡಬ್ಬಿ ಸಿಗದೆ ನನ್ನ ಸ್ವರ ಸ್ವಲ್ಪ ಏರಿದರೆ ಅಲ್ಲಿಂದಲೇ ಕೇಳುತ್ತದೆ: “ಸುಣ್ಣ ಸಾಲದು!”