ಮಾವನ ಗುಪ್ತ ಪಿಸ್ತೂಲು

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಒಂದು ಕಟ್ಟಳೆ ಇದೆ. ಲೈಸೆನ್ಸ್ ಇದ್ದವನು ಪಿಸ್ತೂಲು ಹಿಡಿದು ಹೊರಗೆ ಹೊರಟರೆ ಅದು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಬೆನ್ನುಚೀಲದಂಥದ್ದರಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು. ಇದನ್ನು ಬರೆದ ಅಧಿಕಾರಿಗಳು ಕೊಯಮತ್ತೂರಿನ ಕನ್ನಡ ಮನೆಗಳನ್ನು ನೋಡಿದವರಲ್ಲ. ನಮ್ಮಲ್ಲಿ ಯಾರ ಸಕ್ಕರೆ ಕಾಯಿಲೆಯೂ ಮುಚ್ಚಿ ಉಳಿದಿಲ್ಲ, ಯಾರ ಪ್ರೇಮ ಪ್ರಕರಣವೂ ಉಳಿದಿಲ್ಲ, ಫ್ರಿಜ್ಜಿನ ಮೂಲೆಗೆ ತಳ್ಳಿದ ಮೈಸೂರುಪಾಕವಂತೂ ಒಂದು ರಾತ್ರಿ ದಾಟಿದ್ದಿಲ್ಲ. ಇಂಥ ಮನೆಯಿಂದ ನನಗೆ ಹೆಣ್ಣು ಕೊಟ್ಟ ನಮ್ಮ ಮಾವ, ಅರವತ್ತರ ಹೊಸ್ತಿಲಲ್ಲಿ, ಒಂದು ಪುಟ್ಟ ಪಿಸ್ತೂಲನ್ನು ಯಾರಿಗೂ ಗೊತ್ತಾಗದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬೇಕೆಂದು ಮನಸ್ಸು ಮಾಡಿದರು.

ಮಾವ ದೇವಾಂಗದವರು. ಎಷ್ಟೋ ತಲೆಮಾರಿನ ಹಿಂದೆ ಮಗ್ಗದ ಜೊತೆ ಕನ್ನಡವನ್ನೂ ಹೊತ್ತು ಈ ಕಡೆ ಇಳಿದು ಬಂದ ನೇಕಾರರ ಪೈಕಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಬರೆಯಲು ಬಾರದಿದ್ದರೂ ಬೈಯಲು ಬೇಕಾದಷ್ಟು ಬರುತ್ತದೆ. ಮೈಸೂರಿನಿಂದ ಬಂದ ಅಳಿಯನಾದ ನನ್ನ ಕನ್ನಡವನ್ನು ಅವರು 'ಪುಸ್ತಕದ ಕನ್ನಡ' ಎನ್ನುತ್ತಾರೆ, ಅಂದರೆ ಉಪಯೋಗಕ್ಕೆ ಬಾರದ್ದು. ತಿರುಪ್ಪೂರಿನಲ್ಲಿ ಅವರದೊಂದು ಪವರ್‌ಟೇಬಲ್ ಯೂನಿಟ್ಟು. ದೊಡ್ಡ ಎಕ್ಸ್‌ಪೋರ್ಟ್ ಕಂಪನಿಗಳು ಕತ್ತರಿಸಿ ಕೊಟ್ಟ ಬಟ್ಟೆಯನ್ನು ಪೀಸ್ ರೇಟಿಗೆ ಹೊಲಿದು ಕೊಡುವ ಕೆಲಸ. ಶನಿವಾರ ಬಂತೆಂದರೆ ವಾರದ ಕೂಲಿ ಬಟವಾಡೆ. ಮಾವ ಆ ದುಡ್ಡನ್ನು ಮಂಜಪ್ಪೈ ಎಂಬ ಹಳದಿ ಬಟ್ಟೆಚೀಲದಲ್ಲಿ ಹಾಕಿ, ಮೇಲೆ ಎರಡು ತೆಂಗಿನಕಾಯಿ ಇಟ್ಟು, ಅವಿನಾಶಿ ರಸ್ತೆಯ ಬಸ್ಸಿನಲ್ಲಿ ಒಯ್ಯುತ್ತಾರೆ. ಇಷ್ಟು ವರ್ಷದಲ್ಲಿ ಆ ಚೀಲದ ಮೇಲೆ ಯಾರೂ ಕಣ್ಣು ಹಾಕಿಲ್ಲ. ಒಮ್ಮೆ ಮಾತ್ರ ಪಕ್ಕದ ಸೀಟಿನವರು ಕಾಯಿ ಎಷ್ಟಕ್ಕೆ ಕೊಂಡಿರಿ ಎಂದು ಕೇಳಿದ್ದರಂತೆ.

ಆದರೆ ಭಯವೆಂಬುದು ಸುಮ್ಮನೆ ಹುಟ್ಟಿದ್ದಲ್ಲ, ಇಲ್ಲಿ ನಗುವ ಮಾತೂ ಅಲ್ಲ. 2024ರ ನವೆಂಬರಿನಲ್ಲಿ ತಿರುಪ್ಪೂರು ಜಿಲ್ಲೆಯ ಪಲ್ಲಡಂ ಬಳಿಯ ತೋಟದ ಮನೆಯೊಂದರಲ್ಲಿ ತಂದೆ, ತಾಯಿ, ಮಗ ಮೂವರನ್ನೂ ಒಂದೇ ರಾತ್ರಿ ಕೊಂದು ಹೋದರು. ತೋಟದ ನಡುವೆ ಒಂಟಿಯಾಗಿರುವ ಮುದುಕರ ಮನೆಗಳಲ್ಲಿ ದೀಪ ಆರದ ದಿನಗಳು ಅವು. ನಮಗೂ ಬಂದೂಕಿನ ಲೈಸೆನ್ಸ್ ಕೊಡಿ ಎಂಬ ಕೂಗು ಕೊಂಗುನಾಡೆಂಬ ಈ ಸೀಮೆಯಲ್ಲಿ ಎದ್ದಿತು. ಮಾವನ ತೋಟದ ಮನೆಯೂ ಪಲ್ಲಡಂ ಕಡೆಯದೇ. "ಬಂದೂಕು ಭಾರ, ಪಿಸ್ತೂಲಾದರೆ ಅಡಗುತ್ತೆ" ಎಂದರು ಮಾವ. ಅಲ್ಲಿಂದ ನಗುವ ಭಾಗ ಶುರು.

ಮೊದಲ ಸಲಹೆಗಾರ ನನ್ನ ಭಾವಮೈದುನ. ಅವನಿರುವುದು ಅಮೆರಿಕದ ಡಲ್ಲಾಸಿನಲ್ಲಿ. ಟೆಕ್ಸಸ್ ರಾಜ್ಯದಲ್ಲಿ 2021ರ ಸೆಪ್ಟೆಂಬರಿನಿಂದ, ಬಂದೂಕು ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲದ ಇಪ್ಪತ್ತೊಂದು ದಾಟಿದವರು ಪಿಸ್ತೂಲನ್ನು ಪರ್ಮಿಟ್ಟೇ ಇಲ್ಲದೆ ಒಯ್ಯಬಹುದು. ಅವನು ವಾಟ್ಸಾಪಿನಲ್ಲಿ ಗ್ಲಾಕ್ 19, ಸಿಗ್ ಪಿ365 ಎಂದು ಒಂದೊಂದೇ ಚಿತ್ರ ಕಳಿಸಿದ. ಒಂದು ಹದಿನೈದು ಗುಂಡಿನದು, ಇನ್ನೊಂದು ಅಂಗೈ ಅಗಲದ್ದು. ಮಾವ ಕನ್ನಡಕ ಏರಿಸಿ ಇಳಿಸಿ ನೋಡಿದರು. ಕಳಿಸಿದ್ದು ಎಲ್ಲಿಗೆ ಎನ್ನುತ್ತೀರಿ? 'ನಮ್ಮ ಕುಟುಂಬ' ಎಂಬ ಗ್ರೂಪಿಗೆ. ಸೇಲಂ, ಈರೋಡು, ಬೆಂಗಳೂರು, ದುಬೈಗಳಲ್ಲಿ ಹಂಚಿಹೋದ ಸಮಸ್ತ ಬಂಧುಬಳಗ ಅಲ್ಲಿದೆ. ದುಬೈಯ ಚಿಕ್ಕಮ್ಮ ಮೊದಲು ಶುಭೋದಯದ ಗುಲಾಬಿ ಕಳಿಸಿ, ಆಮೇಲೆ "ಯಾರನ್ನ ಹೊಡೆಯೋಕೆ?" ಎಂದು ಕೇಳಿದರು.

ಆ ಚಿತ್ರಗಳೆಲ್ಲ ದಂಡವಾದವು. ಅವೆರಡೂ ಒಂಬತ್ತು ಮಿಲಿಮೀಟರಿನವು. ನಮ್ಮ ದೇಶದಲ್ಲಿ ಅದು ನಿಷೇಧಿತ ಬೋರು, ಸೈನ್ಯ ಪೊಲೀಸಿನವರ ಪಾಲು. ವಿದೇಶದ ಪಿಸ್ತೂಲನ್ನು ಸಾಮಾನ್ಯರು ತರಿಸಿಕೊಳ್ಳುವ ದಾರಿಯೂ 1980ರ ದಶಕದ ನಡುವಿನಿಂದ ಬಹುಮಟ್ಟಿಗೆ ಮುಚ್ಚಿದೆ. ಗೃಹಸ್ಥರಿಗೆ ಉಳಿದದ್ದು ಪಾಯಿಂಟ್ ಮೂವತ್ತೆರಡು, ಇಲ್ಲವೆ ಪಾಯಿಂಟ್ ಇಪ್ಪತ್ತೆರಡು. ಅದನ್ನು ಮಾಡುವುದು ಹೆಚ್ಚಾಗಿ ಸರ್ಕಾರದ್ದೇ ಕಾರ್ಖಾನೆಗಳು.

ಮಾವ ಬನಿಯನ್ ಸ್ಯಾಂಪಲ್ ನೋಡುವ ಶ್ರದ್ಧೆಯಿಂದಲೇ ಇವನ್ನೂ ಪರಿಶೀಲಿಸಿದರು. ಅಶನಿ ಎಂಬ ಪಿಸ್ತೂಲು ಹೆಸರಿನಿಂದ ಇಷ್ಟವಾಯಿತು, ಆದರೆ ಮ್ಯಾಗಝೀನು, ಸ್ಲೈಡು ಎಂದು ಕೇಳಿದ ಮೇಲೆ "ಹೊಲಿಗೆ ಮೆಷೀನಿನ ಬಾಬಿನ್ನೇ ಅವಸರದಲ್ಲಿ ಸಿಕ್ಕಿಕೊಳ್ಳುತ್ತೆ, ಇದು ಸಿಕ್ಕಿಕೊಂಡರೆ ಕಳ್ಳನಿಗೆ ಸ್ವಲ್ಪ ಇರಪ್ಪಾ ಅನ್ನಬೇಕಾ?" ಎಂದು ರಿವಾಲ್ವರಿನತ್ತ ಹೊರಳಿದರು. 2023ರಲ್ಲಿ ಕಾನ್ಪುರದಿಂದ ಬಂದ ಪ್ರಬಲ್ ಐವತ್ತು ಮೀಟರ್ ದೂರ ಹೊಡೆಯುತ್ತದೆ, ತೂಕ ಸುಮಾರು 700 ಗ್ರಾಂ. ಐವತ್ತು ಮೀಟರ್ ಆಚೆಗಿನ ಮನುಷ್ಯ ಕಳ್ಳನೋ ಹಾಲಿನವನೋ ಎಂಬುದು ಮಾವನ ಕಣ್ಣಿಗೆ ತಿಳಿಯದು. ನಿಡರ್ ಬರೀ 250 ಗ್ರಾಂ, ಪಾಯಿಂಟ್ ಇಪ್ಪತ್ತೆರಡು. ಹಗುರವೇನೋ ಹೌದು, ಆದರೆ ಅಷ್ಟು ಹಗುರವಾದದ್ದನ್ನು ಮೊಮ್ಮಗ ಆಟದ ಸಾಮಾನಿನ ಬುಟ್ಟಿಗೆ ಹಾಕಿಬಿಟ್ಟಾನೆಂಬ ಹೆದರಿಕೆ. ಕೊನೆಗೆ ನಿಂತದ್ದು ನಿರ್ಭೀಕ್. 2014ರಲ್ಲಿ ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ ಹೊರತಂದದ್ದು, ಆರು ಗುಂಡು, ಟೈಟಾನಿಯಂ ಮಿಶ್ರಲೋಹ, ಸರಿಯಾಗಿ ಅರ್ಧ ಕೆಜಿ. ಆಗಿನ ಬೆಲೆಯೇ ಒಂದು ಲಕ್ಷ ಇಪ್ಪತ್ತೆರಡು ಸಾವಿರ ಚಿಲ್ಲರೆ. ಹೆಂಗಸರ ರಕ್ಷಣೆಗೆಂದೇ ಮಾಡಿದ್ದು, ಅದಕ್ಕಾಗಿ ಅದನ್ನು ಒಡವೆ ಪೆಟ್ಟಿಗೆಯಂಥ ಮರೂನ್ ಬಣ್ಣದ ಡಬ್ಬಿಯಲ್ಲಿಟ್ಟು ಕೊಡುತ್ತಿದ್ದರು. ಈ ಕೊನೆಯ ವಿವರವನ್ನು ಅತ್ತೆ ಅಡುಗೆಮನೆಯಿಂದಲೇ ಕೇಳಿಸಿಕೊಂಡು ನೆನಪಿಟ್ಟುಕೊಂಡರು.

ಬೆಲೆ ಕೇಳಿ ಸಿಟ್ಟಾದವರು ಮಾವನ ಸ್ನೇಹಿತರೊಬ್ಬರು. ಅವರದು ಲೇತ್ ವರ್ಕ್‌ಶಾಪು. ಪಂಪು, ಮೋಟಾರು, ವೆಟ್ ಗ್ರೈಂಡರು ಹುಟ್ಟುವ ಊರಿನವರಿಗೆ ಲೋಕದ ಎಲ್ಲ ವಸ್ತುವೂ ಲೇತಿನಿಂದ ಇಳಿಯಬಹುದಾದದ್ದೇ. "ಒಂದು ನಳಿಗೆ, ಒಂದು ಸ್ಪ್ರಿಂಗು! ಇದಕ್ಕೆ ಲಕ್ಷವಾ? ಭಾನುವಾರ ಬಾ" ಎಂದರು. ನಾನು ಅಡ್ಡ ಬಾಯಿ ಹಾಕಬೇಕಾಯಿತು. ಗ್ರೈಂಡರಿಗೆ ವಾರಂಟಿ ಎರಡೋ ಮೂರೋ ವರ್ಷ. ಲೈಸೆನ್ಸಿಲ್ಲದೆ ಪಿಸ್ತೂಲು ಮಾಡಿದರೆ, 2019ರ ತಿದ್ದುಪಡಿಯ ಪ್ರಕಾರ, ಏಳು ವರ್ಷದಿಂದ ಜೀವಾವಧಿಯವರೆಗೆ.

ಆಯ್ಕೆಯಾಯಿತು, ಅಡಗಿಸುವುದು ಹೇಗೆ? ಅಮೆರಿಕದವರಿಗೆ ಪ್ಯಾಂಟು ಬೆಲ್ಟು ಇದೆ. ಮಾವ ಉಡುವುದು ಪಂಚೆ. ಕಟ್ಟಿದ ಪಂಚೆಯ ಭದ್ರತೆ ಎಷ್ಟೆಂಬುದು ಉಟ್ಟವರಿಗೆ ಗೊತ್ತು. ಪ್ರಯೋಗಕ್ಕೆಂದು ಬೀದಿಯ ತುದಿಯ ಕಿರಾಣಿ ಅಂಗಡಿ ಅಣ್ಣಾಚ್ಚಿಯ ಹತ್ತಿರ ಅರ್ಧ ಕಿಲೋ ತೂಕದ ಕಲ್ಲು ಕಡ ತಂದರು. ನಿರ್ಭೀಕ್ ಅರ್ಧ ಕೆಜಿ, ಕಲ್ಲೂ ಅರ್ಧ ಕೆಜಿ, ಲೆಕ್ಕ ಸರಿಯಾಯಿತಲ್ಲ! ಸೊಂಟಕ್ಕೆ ಸಿಕ್ಕಿಸಿ ಬಸ್ಸು ಹತ್ತಿದರು. ಗಾಂಧಿಪುರಂನಲ್ಲಿ ಕಾಲೆತ್ತಿ ಮೆಟ್ಟಿಲಿಗಿಟ್ಟಾಗ ಕಲ್ಲು ಜಾರಿ ಕಂಡಕ್ಟರನ ಹೆಬ್ಬೆರಳಿನ ಮೇಲೆ ಬಿತ್ತು. "ಏನುಂಗೋ ಇದು?" ಎಂದು ಆತ ಕಾಲು ಹಿಡಿದು ಕೇಳಿದ ಪ್ರಶ್ನೆಗೆ ಮಾವನಲ್ಲಿ ಉತ್ತರವಿರಲಿಲ್ಲ.

ಆದರೂ ತಿರುಪ್ಪೂರಿನವರು ಒಳಉಡುಪಿನ ವಿಷಯದಲ್ಲಿ ಸೋಲೊಪ್ಪುವುದುಂಟೆ? ಮಾವನ ಯೂನಿಟ್ಟಿನ ಕಟಿಂಗ್ ಮಾಸ್ಟರ್ ಒಂದು ಬನಿಯನ್ ಮಾಡಿದರು. 180 ಜಿಎಸ್‌ಎಂ ಬಟ್ಟೆ, ಸ್ವಲ್ಪ ಲೈಕ್ರಾ, ಎಡಗಂಕುಳಿನಡಿ ಒಂದು ಕಿಸೆ, ಸುತ್ತ ಎರಡೆಳೆ ಫ್ಲಾಟ್‌ಲಾಕ್ ಹೊಲಿಗೆ. ಬೆಳಗ್ಗೆ ಕಲ್ಲು ಹಾಕಿಕೊಂಡಾಗ ಕಿಸೆ ಕಂಕುಳಲ್ಲೇ ಇತ್ತು. ಊಟದ ಹೊತ್ತಿಗೆ ಸೊಂಟಕ್ಕೆ ಬಂತು. ಸಂಜೆಯ ಟೀ ಹೊತ್ತಿಗೆ ಮಾವ ಎದ್ದು ನಿಂತರೆ ಕಲ್ಲು ತೊಡೆಗೆ ಬಡಿಯುತ್ತಿತ್ತು, ಎಡಭುಜ ಒಂದೇ ಸಮನೆ ನೆಲದ ಕಡೆ ವಾಲಿತ್ತು. ಕಟಿಂಗ್ ಮಾಸ್ಟರ್ ಸುತ್ತು ಹಾಕಿ ನೋಡಿ, "ಗನ್ನಿನ ತೂಕ ಕಮ್ಮಿ ಮಾಡೋಕಾಗುತ್ತಾ ಸಾರ್?" ಎಂದರು. ಯೂನಿಟ್ಟಿನ ಹುಡುಗನೊಬ್ಬ ಇದನ್ನೇ ಅಮೆರಿಕಕ್ಕೆ ಎಕ್ಸ್‌ಪೋರ್ಟ್ ಮಾಡೋಣ, ಅಲ್ಲಿ ಇಂಥ ಬನಿಯನ್ ಮಾರುತ್ತಾರೆ ಎಂದು ಮೊಬೈಲಿನಲ್ಲಿ ತೋರಿಸಿದ. ಮಾವ ಒಂದು ಕ್ಷಣ ಕಳ್ಳರನ್ನು ಮರೆತು ಪೀಸ್ ರೇಟಿನ ಲೆಕ್ಕ ಹಾಕಿದರು.

ಅಷ್ಟರಲ್ಲಿ ಅಣ್ಣಾಚ್ಚಿ ಮನೆಗೆ ಬಂದು, ಅರ್ಧ ಕಿಲೋ ಕಲ್ಲಿಲ್ಲದೆ ಬೇಳೆ ತೂಗಲು ಆಗುತ್ತಿಲ್ಲ, ಗನ್ ಟ್ರಯಲ್ ಮುಗಿಯಿತೇ ಎಂದು ಕಾಂಪೌಂಡಿನಾಚೆಯಿಂದ ಕೂಗಿ ಕೇಳಿದರು. ಬೀದಿಯಲ್ಲಿ ತಿಳಿಯದೆ ಉಳಿದಿದ್ದ ಮನೆಗಳಿಗೂ ತಿಳಿಯಿತು.

ಉಳಿದದ್ದನ್ನು ಸರ್ಕಾರ ಪೂರೈಸಿತು. ಲೈಸೆನ್ಸಿಗೆ ಎ-1 ಫಾರ್ಮು ತುಂಬಬೇಕು, ತರಬೇತಿ ಆಗಬೇಕು, ಪಿಸ್ತೂಲನ್ನು ಮನೆಯಲ್ಲಿ ಭದ್ರವಾಗಿ ಬೀಗ ಹಾಕಿಡುತ್ತೇನೆಂದು ಬರೆದುಕೊಡಬೇಕು, ಪೊಲೀಸ್ ವಿಚಾರಣೆ ನಡೆಯಬೇಕು. ಒಬ್ಬ ಪೊಲೀಸಿನವರು ಬಂದು ತಮ್ಮ ಕರ್ತವ್ಯವನ್ನು ಬಹಳ ಪ್ರಾಮಾಣಿಕವಾಗಿ ಮಾಡಿದರು. ಎದುರು ಮನೆ, ಪಕ್ಕದ ಮನೆ, ಇಸ್ತ್ರಿ ಗಾಡಿ, ಎಲ್ಲ ಕಡೆ ಈತ ಜಗಳಗಂಟರೇ, ಕುಡಿಯುತ್ತಾರೆಯೇ, ಕೋಪ ಹೆಚ್ಚೇ ಎಂದು ವಿಚಾರಿಸಿದರು. ಮರುದಿನ ಹೂವಿನಾಕೆ ಮೊಳ ಅಳೆಯುತ್ತ "ಅಕ್ಕಾ, ಅಯ್ಯಾ ತುಪ್ಪಾಕ್ಕಿ ವಾಂಗ್ರಾರಾಮೇ?", ಅಯ್ಯ ಬಂದೂಕು ಕೊಳ್ಳುತ್ತಾರಂತಲ್ಲ, ಎಂದು ಅತ್ತೆಯನ್ನು ಕೇಳಿದಳು. ಅಂದಿನಿಂದ ಮಾವ ಬೀದಿಗಿಳಿದರೆ ಹುಡುಗರು ಕೈ ಮೇಲೆತ್ತಿ ನಿಲ್ಲುತ್ತಾರೆ.

ಇದಲ್ಲದೆ ದೇಹ ಮನಸ್ಸು ಎರಡೂ ಸ್ವಸ್ಥವೆಂದು ಡಾಕ್ಟರರ ಪ್ರಮಾಣಪತ್ರ ಬೇಕು. "ಬಿಪಿ ಸಕ್ಕರೆ ಡಾಕ್ಟರು ನೋಡಲಿ. ಮನಸ್ಸಿನ ವಿಷಯ ಅವರಿಗೇನು ಗೊತ್ತು? ಮೂವತ್ತೈದು ವರ್ಷದಿಂದ ನೋಡ್ತಿರೋ ನನ್ನನ್ನ ಕೇಳಲಿ" ಎಂದರು ಅತ್ತೆ. ಮಾವ ಆ ಫಾರ್ಮನ್ನು ಆಕೆಯ ಕೈಗೆ ಸಿಗದಂತೆ ಪಂಚಾಂಗದೊಳಗೆ ಇಟ್ಟರು. ಸಾಲದ್ದಕ್ಕೆ ಚುನಾವಣೆ ಬಂದರೆ ಪಿಸ್ತೂಲನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕಾಗುತ್ತದೆ ಎಂದು ಯಾರೋ ಹೇಳಿದರು. "ನೀತಿ ಸಂಹಿತೆ ಕಳ್ಳರಿಗೂ ಉಂಟಾ?" ಎಂದು ಕೇಳಿದ ಮಾವನಿಗೆ ಯಾವ ಪಕ್ಷದವರೂ ಉತ್ತರ ಕೊಡಲಿಲ್ಲ.

ಕೊನೆಯ ವಿಚಾರಣೆ ಅತ್ತೆಯದು. ಕೊಯಮತ್ತೂರಿನ ರಾಜವೀದಿಯಲ್ಲಿ ಚೌಡೇಶ್ವರಿ ಅಮ್ಮನ ಗುಡಿಯಿದೆ. ವಿಜಯದಶಮಿಯ ಮೆರವಣಿಗೆಯಲ್ಲಿ ವೀರಕುಮಾರರೆಂಬ ದೇವಾಂಗದ ಹುಡುಗರು ಬರಿಮೈಯಲ್ಲಿ, ಎರಡು ಕೈಯಲ್ಲೂ ಕತ್ತಿ ಹಿಡಿದು, ಅಮ್ಮನನ್ನು ಕರೆಯುತ್ತ ಎದೆಗೆ ಹೊಡೆದುಕೊಳ್ಳುತ್ತ ಸಾಗುತ್ತಾರೆ. ಗಾಯಕ್ಕೆ ಭಂಡಾರ ಹಚ್ಚಿ ಮುಂದೆ ಹೆಜ್ಜೆ ಹಾಕುತ್ತಾರೆ. ಮಾವನೂ ವಯಸ್ಸಿನಲ್ಲಿ ವೀರಕುಮಾರರಾಗಿ ಕತ್ತಿ ಹಾಕಿದವರೇ, ಎದೆಯ ಮೇಲೆ ಈಗಲೂ ಗೆರೆಗಳಿವೆ. ಅತ್ತೆ ಅದನ್ನೇ ಎತ್ತಿದರು: "ಊರೆಲ್ಲ ನೋಡೋ ಹಾಗೆ ಕತ್ತಿ ಹಿಡಿದ ಎದೆ ನಿಮ್ಮದು. ಅದನ್ನ ನೋಡಿಯೇ ನಮ್ಮಪ್ಪ ಹೆಣ್ಣು ಕೊಟ್ಟಿದ್ದು. ಈಗ ಬನಿಯನ್ನೊಳಗೆ ಬಚ್ಚಿಡೋ ಆಯುಧ ಹಿಡೀತೀರಾ?"

ಮಾವ ಸುಮ್ಮನಾದರು. ಅತ್ತೆ ಬಿಡಲಿಲ್ಲ. ಒಂದೂಕಾಲು ಲಕ್ಷ ಕೊಟ್ಟು ಮರೂನ್ ಡಬ್ಬಿ ತರುವುದಾದರೆ ಆ ಡಬ್ಬಿಯಲ್ಲಿ ಇರಬೇಕಾದದ್ದೇ ಇರಲಿ ಎಂದರು. ತೋಟದ ಮನೆಗೆ ಕ್ಯಾಮೆರಾ ಬಂತು, ಎರಡು ನಾಯಿ ಬಂದವು, ರಾತ್ರಿ ಮಲಗಲು ತೋಟದಾಳಿನ ಸಂಸಾರ ಬಂತು. ಉಳಿದ ದುಡ್ಡಿಗೆ ಬಳೆ ಬಂತು. ತಂದ ದಿನವೇ ಅದು ಬ್ಯಾಂಕ್ ಲಾಕರಿಗೆ ಹೋಯಿತು.

ಆ ಲಾಕರಿನ ಕೀಲಿಕೈ ಎಲ್ಲಿದೆ ಎಂಬುದು ಮಾವನಿಗೆ ಗೊತ್ತಿಲ್ಲ, ಮಗಳಿಗೆ ಗೊತ್ತಿಲ್ಲ, ಅಣ್ಣಾಚ್ಚಿಗೂ ಗೊತ್ತಿಲ್ಲ. ಮದುವೆ, ತಿಥಿ, ಬಸ್ಸು, ರೈಲು, ತಿರುಪತಿಯ ನೂಕುನುಗ್ಗಲು, ಎಲ್ಲ ಕಡೆಗೂ ಅತ್ತೆ ಅದನ್ನು ಮೈಮೇಲೆಯೇ ಒಯ್ಯುತ್ತಾರೆಂಬುದಷ್ಟೇ ಊಹೆ. ಲೈಸೆನ್ಸಿಲ್ಲ, ತರಬೇತಿಯಿಲ್ಲ, ಬನಿಯನ್ ಕಿಸೆಯಿಲ್ಲ. ಮಾವ ಈಗ ಅದನ್ನು ಪತ್ತೆ ಮಾಡುವ ಕೆಲಸ ಹಿಡಿದಿದ್ದಾರೆ. ಕೇಳಿದರೆ ಅತ್ತೆ, "ಮೊದಲು ಎ-1 ಫಾರ್ಮು ತುಂಬಿ ಕೊಡಿ, ಅಕ್ಕಪಕ್ಕ ವಿಚಾರಿಸಿ ಹೇಳ್ತೀನಿ" ಎನ್ನುತ್ತಾರೆ.