ಬಂದೂಕಿನ ಗೌಡರು

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಸಿಂಧನೂರು, ಮಸ್ಕಿ ಸೀಮೆಯಲ್ಲೂ ಪಕ್ಕದ ಲಿಂಗಸುಗೂರಿನಲ್ಲೂ ಅಲ್ಲಲ್ಲಿ ಕಾಣಸಿಗುವ ‘ಬಂದೂಕಿನ ಗೌಡರು’ ಎಂಬ ವರ್ಗದ ಮುಖ್ಯ ಲಕ್ಷಣವೆಂದರೆ, ಅವರು ಹಳೆಯ ಜೋಡುನಳಿಗೆಯ ಬಂದೂಕೊಂದನ್ನು ಅಗ್ಗಕ್ಕೆ ಕೊಂಡಿರುತ್ತಾರೆ ಮತ್ತು ಅದರ ಗುರಿಗಿಂತ ಅದರ ಬೆಲೆಯ ಬಗ್ಗೆಯೇ ಹೆಚ್ಚು ಮಾತನಾಡುತ್ತಾರೆ.

ಈ ಬಂದೂಕು ಸಾಮಾನ್ಯವಾಗಿ 12 ಬೋರಿನದು. ಅಂದರೆ ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡುಗಳನ್ನು ಎರೆದರೆ ಒಂದೊಂದರ ವ್ಯಾಸ ಎಷ್ಟಾಗುವುದೋ ನಳಿಗೆಯ ಒಳವ್ಯಾಸವೂ ಅಷ್ಟೇ, ಸುಮಾರು 18.5 ಮಿ.ಮೀ. ಹಿಡಿಯ ಮರ ಸೀಳಿದಲ್ಲಿ ತಾಮ್ರದ ತಂತಿ ಸುತ್ತಿರುತ್ತದೆ; ತೋಟಾ ತುಂಬಲು ನಳಿಗೆಯನ್ನು ಬಗ್ಗಿಸುವ ಕೀಲು ಸವೆದು ಲೊಟಗುಟ್ಟುತ್ತದೆ. ಬಲ್ಲವರು ಇದನ್ನು ಅಪಾಯವೆನ್ನುತ್ತಾರೆ, ಗೌಡರು ‘ಪಳಗಿದ್ದು’ ಎನ್ನುತ್ತಾರೆ. “ಇಂಗ್ಲಿಷರ ಕಾಲದ್ದರಿ, ಇಂಥ ಕಬ್ಬಿಣ ಈಗ ಎಲ್ಲಿ ಸಿಗ್ತದ?” ಎಂಬುದು ಅವರ ಪ್ರಮಾಣವಾಕ್ಯ.

ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಸೇನೆಯ ಛಾವಣಿ ಇದ್ದುದು ನಿಜವಾದ್ದರಿಂದ, ಸುತ್ತಲಿನ ಹಳೆಯ ಬಂದೂಕುಗಳೆಲ್ಲ ಅಲ್ಲಿನ ಯಾವನೋ ಸಾಹೇಬನವೇ ಆಗಿಬಿಡುತ್ತವೆ. ಅಷ್ಟು ಬಂದೂಕು ಬಿಟ್ಟುಹೋದ ಸೇನೆ ಬರಿಗೈಯಲ್ಲಿ ಮರಳಿರಬೇಕು. ಮಸ್ಕಿಯ ಬಂಡೆಯ ಶಾಸನ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದು, ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಖಚಿತವಾಯಿತು. ನಳಿಗೆಯ ಮೇಲಿನ ಪುಟ್ಟ ಶಾಸನವನ್ನು ಓದಿದರೆ ಸ್ವತಂತ್ರ ಭಾರತದ ಸರ್ಕಾರಿ ಕಾರ್ಖಾನೆಯ ಹೆಸರು ಹೊರಬೀಳುವ ಸಂಭವವಿರುವುದರಿಂದ, ಗೌಡರು ಆ ಭಾಗದ ಮೇಲೆ ಹೆಬ್ಬೆರಳಿಟ್ಟೇ ಬಂದೂಕು ತೋರಿಸುತ್ತಾರೆ.

1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ, ತನ್ನ ಬಂದೂಕನ್ನು ಮಾರುವವನು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವನ ಬಳಿ ಲೈಸೆನ್ಸ್ ಇರಬೇಕು. ರಾಯಚೂರಿಗೆ ಓಡಾಡಿದ ಬಸ್ ಚಾರ್ಜು, ಚಹಾ, ಜೆರಾಕ್ಸುಗಳನ್ನು ಗೌಡರು ಬೆಲೆಗೆ ಸೇರಿಸುವುದಿಲ್ಲ, ಸೇರಿಸಿದರೆ ಅಗ್ಗವೆಂಬುದು ಉಳಿಯುವುದಿಲ್ಲ. ಅರ್ಜಿಯಲ್ಲಿ ಕಾರಣ ‘ಬೆಳೆ ರಕ್ಷಣೆ’ ಎಂದಿದ್ದರೂ, 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿಯಿಲ್ಲದೆ ಹಂದಿಗೆ ಗುಂಡು ಹಾರಿಸುವುದು ಅಪರಾಧವಾದ್ದರಿಂದ ಗದ್ದೆ ಕಾಯುವ ಹೊಣೆ ಆಳಿನ ಕವಣೆಗೂ ತಗಡಿನ ಡಬ್ಬಕ್ಕೂ ಬೀಳುತ್ತದೆ. ಮೇಲಾಗಿ ಚುನಾವಣೆ ಘೋಷಣೆಯಾಯಿತೆಂದರೆ ಬಂದೂಕು ಠಾಣೆ ಸೇರಬೇಕು. ಮಸ್ಕಿಯವರಿಗಂತೂ 2018, 2019, 2023, 2024 ಸಾಲದೆಂಬಂತೆ 2021ರ ಏಪ್ರಿಲ್‌ನಲ್ಲಿ ಉಪಚುನಾವಣೆಯೂ ಬಂದಿತ್ತು. ಆ ದಿನಗಳಲ್ಲಿ ಮನೆಗೆ ಬಂದ ಬೀಗರಿಗೆ ಗೌಡರು ಪೊಲೀಸರು ಕೊಟ್ಟ ರಸೀದಿಯನ್ನೇ ಮಡಿಕೆ ಬಿಚ್ಚಿ ತೋರಿಸಿ, ಕೊಂಡ ಬೆಲೆ ಎಷ್ಟಿರಬಹುದು ಹೇಳಿ ನೋಡೋಣ ಎನ್ನುತ್ತಾರೆ.